‘ಟೀಚರ್, ಇದು ನಮಗೆ ಎಂಥಕ್ಕೆ?’: ವರ್ಕ್‌ಶಾಪಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಬಗ್ಗೆ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಹತ್ತರ ತನಕ ಕನ್ನಡ ಮೀಡಿಯಂ, ಈಗ ಇಂಗ್ಲಿಷಲ್ಲಿ ಬಿ.ಎಡ್. ಮಾಡ್ತಾ ಇದ್ದೇನೆ. ಇಂಟರ್ನ್‌ಶಿಪ್‌ಗೆ ಒಂದು ವೊಕೇಶನಲ್ ಹೈಯರ್ ಸೆಕೆಂಡರಿ ಶಾಲೆ ಸಿಕ್ಕಿದೆ, ಎಲೆಕ್ಟ್ರಿಕಲ್ ಬ್ಯಾಚು, 26 ಮಕ್ಕಳು. ಮೂರು ವಾರ ಆಯ್ತು. ಪದ್ಯ ತೆಗೊಂಡ್ರೆ ಹಿಂದಿನ ಬೆಂಚಿನವರು ತಲೆ ಇಟ್ಟು ಮಲಗ್ತಾರೆ, ಗ್ರಾಮರ್ ತೆಗೊಂಡ್ರೆ ಬೋರ್ಡಲ್ಲಿ ಇದ್ದದ್ದನ್ನು ಕಾಪಿ ಮಾಡ್ತಾರೆ, ಅಷ್ಟೆ. ಮೊನ್ನೆ ಒಬ್ಬ ಹುಡುಗ ಮರ್ಯಾದೆಯಲ್ಲೇ ಕೇಳಿದ, ‘ಟೀಚರ್, ಇದು ನಮಗೆ ಎಂಥಕ್ಕೆ?’ ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಅವರ ಟ್ರೇಡಿನ ಶಬ್ದ ನನಗೆ ಒಂದೂ ಗೊತ್ತಿಲ್ಲ. ಅರ್ಧ ಮಕ್ಕಳು ಕನ್ನಡ-ತುಳು, ಅರ್ಧ ಮಲಯಾಳ. ಕ್ಲಾಸಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡ್ಬಾರ್ದು ಅಂತ ಬೇರೆ ಹೇಳಿದ್ದಾರೆ. ಎಂಥ ಮಾಡುವುದು?

ಉತ್ತರ: ಟೀಚರೇ, ಮೊದಲು ಆ ಹುಡುಗನ ಹೆಸರು ನೆನಪಿಟ್ಕೊಳ್ಳಿ. ನಿಮ್ಮ ಇಂಟರ್ನ್‌ಶಿಪ್ ಪೂರ್ತಿಗೆ ನಿಮಗೆ ದೊಡ್ಡ ಉಪಕಾರ ಮಾಡಿದವನು ಅವನು. ಬಾಕಿ 25 ಜನರ ಮನಸ್ಸಲ್ಲೂ ಅದೇ ಪ್ರಶ್ನೆ ಉಂಟು, ಅವರು ಕೇಳ್ಲಿಲ್ಲ, ಮಲಗಿದ್ರು, ಇವನು ಮಾತ್ರ ಎದ್ದು ನಿಂತು ಕೇಳಿದ. ಅವನಿಗೆ ಬಾಯಲ್ಲಿ ಉತ್ತರ ಕೊಡ್ಲಿಕ್ಕೆ ಹೋಗ್ಬೇಡಿ, ‘ಮುಂದೆ ಕೆಲಸಕ್ಕೆ ಬೇಕಾಗ್ತದೆ’ ಅಂತ ಎಲ್ಲ ಹೇಳಿದ್ರೆ ಆ ಪ್ರಾಯದ ಮಕ್ಕಳು ನಂಬುವುದಿಲ್ಲ, ಯಾಕಂದ್ರೆ ಅದನ್ನು ಅವರು ಐದನೇ ಕ್ಲಾಸಿನಿಂದ ಕೇಳ್ತಾ ಇದ್ದಾರೆ. 16 ವಾರದ ಇಂಟರ್ನ್‌ಶಿಪ್ ಅಂದ್ರೆ ನಿಮಗೆ ಇನ್ನೂ 13 ವಾರ ಕೈಯಲ್ಲುಂಟು, ನಮ್ಮ ಕಾಲದ ಒಂದು ವರ್ಷದ ಬಿ.ಎಡ್.ನಲ್ಲಿ ಪಾಠ ಮಾಡ್ಲಿಕ್ಕೆ ಇಷ್ಟು ದಿನ ಸಿಗ್ತಾ ಇರ್ಲಿಲ್ಲ.

ನನ್ನ ವಿಷಯ ಹೇಳ್ತೇನೆ. ನಾನು ಶುರುವಿನಲ್ಲಿ ಪಾಠ ಮಾಡಿದ್ದು ಒಂದು ಐಟಿಐಯಲ್ಲಿ, ವೆಲ್ಡರ್ ಮತ್ತು ಫಿಟ್ಟರ್ ಮಕ್ಕಳಿಗೆ. ಮೂರು ತಿಂಗಳು ಟೆನ್ಸ್ ಚಾರ್ಟು, ಲೀವ್ ಲೆಟರು, ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಂ ಫೀವರ್’ ಇದನ್ನೇ ತಿಕ್ಕಿದೆ. ಪೆರ್ಲ ಕಡೆಯ ಒಬ್ಬ ಹುಡುಗ ಇದ್ದ, ಪುಸ್ತಕದಲ್ಲಿ ಎರಡು ಸಾಲು ಓದು ಅಂದ್ರೆ ಬೆವರ್ತಿದ್ದ, ಇವನಿಗೆ ಇಂಗ್ಲಿಷ್ ಬರುವುದೇ ಇಲ್ಲ ಅಂತ ನಾನು ಗಟ್ಟಿ ಮಾಡಿಕೊಂಡಿದ್ದೆ. ಒಂದು ದಿನ ಯಾವುದೋ ಸಹಿಗೆ ಅವರ ಶೆಡ್ಡಿಗೆ ಹೋದಾಗ ಅವನು ಎಲೆಕ್ಟ್ರೋಡ್, ಅಂದ್ರೆ ವೆಲ್ಡಿಂಗ್ ಕಡ್ಡಿಯ ಪ್ಯಾಕೆಟ್ ಹಿಡ್ಕೊಂಡು ಜೂನಿಯರ್ ಹುಡುಗನಿಗೆ ವಿವರಿಸ್ತಾ ಇದ್ದ. ಇ 6013 ಅಂದ್ರೆ ಇ ಎಲೆಕ್ಟ್ರೋಡಿಗೆ, 60 ಅಂದ್ರೆ ವೆಲ್ಡಿನ ಟೆನ್ಸೈಲ್ ಸ್ಟ್ರೆಂತ್ (ಎಳೆದ್ರೆ ತಡೆಯುವ ಬಲ) ಚದರ ಇಂಚಿಗೆ 60,000 ಪೌಂಡ್, ಆಮೇಲಿನ 1 ಅಂದ್ರೆ ಆಲ್ ಪೊಸಿಶನ್, ಫ್ಲ್ಯಾಟ್, ಹಾರಿಜಾಂಟಲ್, ವರ್ಟಿಕಲ್, ಓವರ್‌ಹೆಡ್ ಎಲ್ಲದಕ್ಕೂ ಆಗ್ತದೆ, ಕೊನೆಯದ್ದು ಕೋಟಿಂಗ್ ಯಾವುದು ಕರೆಂಟ್ ಯಾವುದು ಅಂತ. ಪ್ಯಾಕೆಟ್ಟಿನಲ್ಲಿ ಇದ್ದದ್ದು ಎಲ್ಲ ಇಂಗ್ಲಿಷೇ. ಅವನು ಒಂದು ಕಡೆ ಸಹ ತಡವರಿಸ್ಲಿಲ್ಲ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ತಿಂಗಳು ಅವನು ನನ್ನ ಕ್ಲಾಸಲ್ಲಿ ತಲೆ ತಗ್ಗಿಸಿ ಕೂತಿದ್ದಕ್ಕೆ ಕಾರಣ ಅವನಲ್ಲ, ನಾನು ಇಂಗ್ಲಿಷನ್ನು ಅವನಿಗೆ ಗೊತ್ತಿಲ್ಲದ ಜಾಗದಲ್ಲಿ ಮಾತ್ರ ಇಟ್ಟಿದ್ದೆ.

ಹಾಗಾಗಿ ನಾನು ಹೇಳುವುದು ಒಂದೇ. ನೀವು ವರ್ಕ್‌ಶಾಪಿಗೆ ಹೋಗಿ. ನಿಮ್ಮ ಫ್ರೀ ಪೀರಿಯಡಲ್ಲಿ, ಇನ್‌ಸ್ಟ್ರಕ್ಟರ್ ಹತ್ರ ಮೊದಲೇ ಒಂದು ಮಾತು ಕೇಳಿ, ಪ್ರಾಕ್ಟಿಕಲ್ ನಡೆಯುವಾಗ ಒಂದು ಸಣ್ಣ ನೋಟ್‌ಬುಕ್ ಹಿಡ್ಕೊಂಡು ಮೂಲೆಯಲ್ಲಿ ಒಂದು ಗಂಟೆ ನಿಲ್ಲಿ. ಗೋಡೆಯಲ್ಲಿ ಎಂಥ ಬರ್ದಿದ್ದಾರೆ, ಡಬ್ಬದ ಮೇಲೆ ಎಂಥ ಉಂಟು, ಇನ್‌ಸ್ಟ್ರಕ್ಟರ್ ಮಲಯಾಳ ವಾಕ್ಯದ ಮಧ್ಯೆ ಯಾವ ಇಂಗ್ಲಿಷ್ ಶಬ್ದ ಹಾಕ್ತಾರೆ, ಮಕ್ಕಳು ಅವರವರೊಳಗೆ ಎಂಥ ಹೇಳಿಕೊಳ್ತಾರೆ, ಎಲ್ಲ ಬರ್ಕೊಳ್ಳಿ. ಫೇಸ್, ನ್ಯೂಟ್ರಲ್, ಅರ್ಥ್, ಲೋಡ್, ಶಾರ್ಟ್, ಲೂಸ್ ಕನೆಕ್ಷನ್, ಟ್ರಿಪ್, ಕಂಟಿನ್ಯೂಟಿ, ಇನ್ಸುಲೇಶನ್... ಒಂದು ಗಂಟೆಯಲ್ಲಿ ನಿಮಗೆ ಕಡಿಮೆ ಅಂದ್ರೆ ನಲವತ್ತು ಶಬ್ದ ಸಿಗ್ತದೆ. ಈ ಶಬ್ದಗಳು ಆ ಮಕ್ಕಳಿಗೆ ಗೊತ್ತುಂಟು, ಗೊತ್ತುಂಟು ಅಂತ ಮಾತ್ರ ಗೊತ್ತಿಲ್ಲ, ಯಾಕಂದ್ರೆ ಯಾರೂ ಅದನ್ನು ಇಂಗ್ಲಿಷ್ ಅಂತ ಲೆಕ್ಕಕ್ಕೆ ತೆಗೊಂಡಿಲ್ಲ.

ಈಗ ಕ್ಲಾಸಿಗೆ ಬನ್ನಿ. ಹುಡುಗ ‘ಎಂಸಿಬಿ ಟ್ರಿಪ್ ಆಯ್ತು’ ಅಂತಾನೆ (ಎಂಸಿಬಿ ಅಂದ್ರೆ ಕರೆಂಟ್ ಜಾಸ್ತಿಯಾದ್ರೆ ತಾನಾಗಿ ಆಫ್ ಆಗುವ ಸ್ವಿಚ್ಚು). ಅದರಲ್ಲಿ ಮುಖ್ಯವಾದದ್ದು ಎಲ್ಲ ಬಂದಾಯ್ತು, ‘ಆಯ್ತು’ ಒಂದು ಬದಲಾದ್ರೆ ಮುಗೀತು, ‘ದ ಎಂಸಿಬಿ ಟ್ರಿಪ್ಡ್’. ಯಾವಾಗ ಟ್ರಿಪ್ ಆಗ್ತದೆ? ಮೋಟಾರ್ ಹಾಕಿದಾಗೆಲ್ಲ ಆಗ್ತದೆ, ‘ಇಟ್ ಟ್ರಿಪ್ಸ್ ವೆನ್ ವಿ ಸ್ವಿಚ್ ಆನ್ ದ ಮೋಟಾರ್’. ಈಗ ಎಂಥ ಮಾಡ್ತಾ ಇದ್ದೀ? ‘ಐ ಆ್ಯಮ್ ಚೆಕಿಂಗ್ ದ ಲೋಡ್’. ಒಂದೇ ಫಾಲ್ಟಿನಲ್ಲಿ ಮೂರು ಟೆನ್ಸ್ ಬಂತು ನೋಡಿ, ಮತ್ತೆ ಯಾವುದು ಯಾಕೆ ಅಂತ ಹೇಳಿ ಕೊಡ್ಬೇಕಾಗಿಯೂ ಇಲ್ಲ, ಆದದ್ದು ಯಾವುದು, ಯಾವಾಗಲೂ ಆಗುವುದು ಯಾವುದು, ಈಗ ಆಗ್ತಾ ಇರುವುದು ಯಾವುದು ಅಂತ ಎಲೆಕ್ಟ್ರಿಶಿಯನ್‌ಗೆ ನಿಮಗಿಂತ ಚೆನ್ನಾಗಿ ಗೊತ್ತುಂಟು. ಚಾರ್ಟಲ್ಲಿ 12 ಟೆನ್ಸ್ ತೋರಿಸಿ ಹೆದರಿಸಿದ್ರೆ ಈ ಮೂರು ಸಹ ಹೋಗ್ತದೆ.

ಇನ್ನೊಂದು, ನಾನು ತುಂಬಾ ಸರ್ತಿ ಮಾಡಿ ನೋಡಿದ್ದು, ಎಚ್ಚರಿಕೆಯ ಬೋರ್ಡುಗಳ ಪಾಠ. ಡೇಂಜರ್, ವಾರ್ನಿಂಗ್, ಕಾಶನ್, ಈ ಮೂರನ್ನು ಬೋರ್ಡಲ್ಲಿ ಬರೀರಿ. ಮೂರೂ ಒಂದೇ ಅಂತ ಹೇಳ್ತಾರೆ ಮಕ್ಕಳು, ‘ಜಾಗ್ರತೆ’ ಅಂತ. ಒಂದೇ ಅಲ್ಲ. ಮಿಷಿನುಗಳ ಮೇಲೆ ಬರುವ ಅಮೇರಿಕನ್ ಸ್ಟ್ಯಾಂಡರ್ಡಿನ ಲೇಬಲ್‌ಗಳಲ್ಲಿ ಡೇಂಜರ್ ಅಂದ್ರೆ ತಪ್ಪಿಸಿಕೊಳ್ಳದಿದ್ರೆ ಸಾವು ಅಥವಾ ದೊಡ್ಡ ಪೆಟ್ಟು ಖಂಡಿತ, ಅಲ್ಲಿ ‘ವಿಲ್’ ಬರ್ತದೆ. ವಾರ್ನಿಂಗ್ ಅಂದ್ರೆ ಸಾವು ಅಥವಾ ದೊಡ್ಡ ಪೆಟ್ಟು ಆದೀತು, ಅಲ್ಲಿ ‘ಕುಡ್’. ಕಾಶನ್ ಅಂದ್ರೆ ಸಣ್ಣ ಅಥವಾ ಮಧ್ಯಮ ಪೆಟ್ಟು ಆದೀತು. ಇಲ್ಲಿ ವಿಲ್ಲಾ ಕುಡ್ಡಾ ಅನ್ನುವುದು ಬೆರಳು ಉಳಿಯುವ, ಹೋಗುವ ವಿಷಯ. ನಾನು ಇದನ್ನು ಹೇಳಿದ ದಿನ ಕ್ಲಾಸು ಅಷ್ಟು ಮೌನ ಆಗಿತ್ತು, ಮತ್ತೆ ಒಬ್ಬ ಕೇಳಿದ ‘ಸರ್, ಹಾಗಾದ್ರೆ ಮಸ್ಟ್ ಮತ್ತು ಶುಡ್?’ ಅಂತ. ಮೋಡಲ್ ವರ್ಬ್ಸ್ ಅಂತ ಹೆಡ್ಡಿಂಗ್ ಹಾಕಿ ಎರಡು ಪೀರಿಯಡ್ ಮಾತಾಡಿದ್ರೂ ಆ ಪ್ರಶ್ನೆ ಬರ್ಲಿಕ್ಕಿಲ್ಲ. ನಮ್ಮ ಕನ್ನಡದಲ್ಲಿ ‘ಆಗ್ತದೆ’ ಬೇರೆ ‘ಆದೀತು’ ಬೇರೆ ಅಲ್ವಾ, ಆ ವ್ಯತ್ಯಾಸ ಅವರ ಕಿವಿಗೆ ಮನೆಯಿಂದಲೇ ಬಂದದ್ದು, ಅದನ್ನೇ ಹಿಡ್ಕೊಳ್ಳಿ.

ಹೋಮ್‌ವರ್ಕ್ ಕೊಡುವುದಾದ್ರೆ ಪುಸ್ತಕದ ಹಿಂದಿನ ಪ್ರಶ್ನೆ ಬೇಡ. ನಮ್ಮ ಕಡೆ ಅಡಿಕೆ ತೋಟ ಇರುವ ಮನೆಯಲ್ಲಿ ಪಂಪ್‌ಸೆಟ್ ಇಲ್ಲದೆ ಇಲ್ಲ, ತೋಟ ಇಲ್ಲದವರ ನೆರೆಕರೆಯಲ್ಲಾದ್ರೂ ಇರ್ತದೆ. ಪಂಪ್‌ಶೆಡ್ಡಿಗೆ ಹೋಗಿ ಮೋಟಾರಿನ ನೇಮ್‌ಪ್ಲೇಟಿನ ಫೋಟೋ ತೆಗ್ದು ತರ್ಲಿಕ್ಕೆ ಹೇಳಿ, ಮುಟ್ಟದೆ. ಮರುದಿನ ಅದನ್ನು ವಾಕ್ಯದಲ್ಲಿ ಓದಿಸಿ. 415 ವೋಲ್ಟ್, 3 ಫೇಸ್, 50 ಹರ್ಟ್ಸ್, 5 ಎಚ್‌ಪಿ, 1440 ಆರ್‌ಪಿಎಂ ಅಂತ ಇರ್ತದೆ. ‘ಇಟ್ ರನ್ಸ್ ಆನ್ ತ್ರೀ ಫೇಸ್ ಸಪ್ಲೈ’, ‘ಇಟ್ಸ್ ಸ್ಪೀಡ್ ಈಸ್...’ ಹೀಗೆ. ಮತ್ತೆ ನೀವು ಕೇಳಿ, 1500 ಯಾಕಿಲ್ಲ, 1440 ಯಾಕೆ? ನಿಮಗೆ ಗೊತ್ತಿಲ್ಲ, ಅವರಿಗೆ ಗೊತ್ತುಂಟು, 4 ಪೋಲಿನ ಮೋಟಾರಿಗೆ 50 ಹರ್ಟ್ಸಲ್ಲಿ ಸಿಂಕ್ರೋನಸ್ ಸ್ಪೀಡ್, ಅಂದ್ರೆ ಒಳಗಿನ ಅಯಸ್ಕಾಂತ ಕ್ಷೇತ್ರ ತಿರುಗುವ ವೇಗ, 1500, ರೋಟಾರ್ (ಮೋಟಾರಿನ ತಿರುಗುವ ಭಾಗ) ಅದಕ್ಕಿಂತ ಸ್ವಲ್ಪ ಹಿಂದೆಯೇ ತಿರುಗ್ತದೆ, ಆ ಕಡಿಮೆ ಬೀಳುವುದಕ್ಕೆ ಸ್ಲಿಪ್ ಅಂತ ಹೆಸರು. ನಿಮಗೆ ವಿವರಿಸ್ಲಿಕ್ಕೆ ಅವರು ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಒದ್ದಾಡ್ತಾರಲ್ಲ, ಆ ಒದ್ದಾಟವೇ ಪಾಠ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಕೇಳುವ ಟೀಚರನ್ನು ಮಕ್ಕಳು ಕೂಡಲೇ ಹಿಡೀತಾರೆ, ನಿಮಗೆ ನಿಜವಾಗಿಯೂ ಗೊತ್ತಿಲ್ಲದ್ದು ಇಲ್ಲಿ ನಿಮ್ಮ ಬಲ.

ಉಚ್ಚಾರದ ಬಗ್ಗೆ ನೀವು ಕೇಳ್ಲಿಲ್ಲ, ಆದ್ರೂ ಎರಡು ಮಾತು. ಬೋಲ್ಟು, ಸ್ವಿಚ್ಚು, ವೈರು ಅಂತ ಕೊನೆಗೆ ಉಕಾರ ಸೇರಿಸುವುದು ನಮ್ಮ ನಾಲಗೆಯ ಅಭ್ಯಾಸ, ಅದಕ್ಕೆ ಬೆನ್ನು ಬೀಳ್ಬೇಡಿ, ಎದುರಿನವನಿಗೆ ಅರ್ಥ ಆಗ್ತದೆ. ತಿದ್ದಬೇಕಾದದ್ದು ಫಿಫ್ಟೀನ್ ಮತ್ತು ಫಿಫ್ಟಿ, ತರ್ಟೀನ್ ಮತ್ತು ತರ್ಟಿ. ಹದಿನೈದು ಆ್ಯಂಪ್ಸ್ ಹೇಳಿದ್ದು ಐವತ್ತು ಅಂತ ಕೇಳಿದ್ರೆ ಎಂಥ ಆಗ್ತದೆ ಅಂತ ಆ ಮಕ್ಕಳನ್ನೇ ಕೇಳಿ ನೋಡಿ. ಸಂಶಯ ಬಂದ್ರೆ ‘ಒನ್ ಫೈವ್’, ‘ಫೈವ್ ಝೀರೋ’ ಅಂತ ಬಿಡಿಸಿ ಹೇಳ್ಲಿಕ್ಕೆ ಅಭ್ಯಾಸ ಮಾಡಿಸಿ, ದಶಾಂಶ ಬಂದ್ರೆ ‘ಟು ಪಾಯಿಂಟ್ ಫೈವ್ ಸ್ಕ್ವೇರ್ ಎಂಎಂ’. ಮತ್ತೆ ಲೈವ್ ವೈರನ್ನು ‘ಲಿವ್’ ಅಂತಲೂ, ಗೇಜನ್ನು ಸ್ಪೆಲ್ಲಿಂಗ್ ನೋಡಿ ‘ಗಾಜ್’ ಅಂತಲೂ ಓದ್ತಾರೆ, ಅದನ್ನು ಒಮ್ಮೆ ಹೇಳಿದ್ರೆ ಸಾಕು.

ಮಾತಾಡಿಸುವುದು ಹೇಗೆ ಅನ್ನುವುದು ದೊಡ್ಡ ವಿಷಯ. ನಿಮ್ಮ ಬಿ.ಎಡ್. ಸಿಲೆಬಸ್ಸಲ್ಲಿ ಎನ್.ಎಸ್. ಪ್ರಭು ಅವರ ಹೆಸರು ಬಂದಿರ್ಬಹುದು, ಟಾಸ್ಕುಗಳ ಮೂಲಕ ಇಂಗ್ಲಿಷ್ ಕಲಿಸಿ ನೋಡಿದವರು, 1979ರಿಂದ 1984ರ ತನಕ ನಡೆದ ಬೆಂಗಳೂರು ಪ್ರಾಜೆಕ್ಟ್ ಅವರದ್ದು. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿ ಬಿಡುವವರೇ ಹೆಚ್ಚು, ಆದ್ರೆ ಇದು ನಮ್ಮ ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ಮಾಡಿ ನೋಡಿದ್ದು, ಆಮೇಲೆ ಜಗತ್ತೇ ಅದರ ಬಗ್ಗೆ ಮಾತಾಡಿತು. ಅವರು ಹೇಳಿದ್ದರ ತಿರುಳು ಏನಂದ್ರೆ, ಮಕ್ಕಳ ಗಮನ ಅರ್ಥದ ಮೇಲೆ, ಕೈಯಲ್ಲಿರುವ ಕೆಲಸದ ಮೇಲೆ ಇರುವಾಗಲೇ ವ್ಯಾಕರಣ ತಾನಾಗಿ ಒಳಗೆ ಇಳೀತದೆ. ಅವರು ವಿಂಗಡಿಸಿದ ಟಾಸ್ಕುಗಳಲ್ಲಿ ಒಂದು ತರ ಹೀಗೆ, ಒಬ್ಬನ ಹತ್ರ ಇರುವ ಮಾಹಿತಿ ಇನ್ನೊಬ್ಬನ ಹತ್ರ ಇಲ್ಲ, ಮಾತಾಡದೆ ಕೆಲಸ ಮುಗಿಯುವುದಿಲ್ಲ. ಇದನ್ನು ನಿಮ್ಮ ಕ್ಲಾಸಿಗೆ ತರ್ಲಿಕ್ಕೆ ಖರ್ಚಿಲ್ಲ. ಒಂದು ವೈರಿಂಗ್ ಡಯಾಗ್ರಾಮ್ ತೆಗೊಂಡು ಎರಡು ಜೆರಾಕ್ಸ್ ಮಾಡಿ, ಒಂದರಲ್ಲಿ ಎಡಗಡೆ ಕೆಲವು ಕನೆಕ್ಷನ್ ಅಳಿಸಿ, ಇನ್ನೊಂದರಲ್ಲಿ ಬಲಗಡೆ. ಇಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ, ಒಬ್ಬರ ಕಾಗದ ಇನ್ನೊಬ್ಬರು ನೋಡ್ಬಾರ್ದು, ಮಾತಾಡಿಯೇ ಎರಡನ್ನೂ ಪೂರ್ತಿ ಮಾಡ್ಬೇಕು. ಮೊದಲ ಸಲ ಬೊಬ್ಬೆ ಜಾಸ್ತಿ, ಕನ್ನಡ ಮಲಯಾಳ ತುಳು ಎಲ್ಲ ಬರ್ತದೆ, ಬರ್ಲಿ. ಮೂರನೇ ಸಲಕ್ಕೆ ‘ಕನೆಕ್ಟ್ ದ ಫೇಸ್ ಟು ದ ಸ್ವಿಚ್’ ಅಂತ ಕೇಳಿಸ್ಲಿಕ್ಕೆ ಶುರುವಾಗ್ತದೆ.

ಸಂಭಾಷಣೆ ಬರೆದುಕೊಟ್ಟು ಬಾಯಿಪಾಠ ಮಾಡಿಸ್ಬೇಡಿ. ನಮ್ಮೂರಿನ ತಾಳಮದ್ದಳೆ ನೆನಪು ಮಾಡಿಕೊಳ್ಳಿ, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬ್ಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ. ಭಾಗವತರು ಪದ ಹಾಡ್ತಾರೆ, ಪಾತ್ರದ ಮಾತಾಡುವ ಅರ್ಥಧಾರಿಗೆ ಪ್ರಸಂಗ ಗೊತ್ತುಂಟು, ಪಾತ್ರ ಗೊತ್ತುಂಟು, ಆಡುವ ಮಾತು ಮಾತ್ರ ಎಲ್ಲಿಯೂ ಬರ್ದಿಟ್ಟಿಲ್ಲ, ಎದುರಿನವನು ಎಂಥ ಹೇಳ್ತಾನೋ ಅದಕ್ಕೆ ಅಲ್ಲೇ ಉತ್ತರ ಹುಟ್ಬೇಕು. ನೀವೂ ಪ್ರಸಂಗ ಮಾತ್ರ ಕೊಡಿ. ಒಂದು ಮನೆ, ರಾತ್ರಿ, ಫ್ಯಾನ್ ತಿರುಗುವುದಿಲ್ಲ, ಮನೆಯವರಿಗೆ ಕನ್ನಡವೂ ಮಲಯಾಳವೂ ಬರುವುದಿಲ್ಲ, ಇವನು ಎಲೆಕ್ಟ್ರಿಶಿಯನ್. ಸುರು ಮಾಡಿ ಅಂತ ಹೇಳಿ ಕೂತ್ಕೊಳ್ಳಿ. ಮಧ್ಯದಲ್ಲಿ ತಿದ್ದಬೇಡಿ, ತಾಳಮದ್ದಳೆಯ ಮಧ್ಯೆ ಎದ್ದು ಯಾರಾದ್ರೂ ವ್ಯಾಕರಣ ತಿದ್ತಾರಾ?

ಇಂಗ್ಲಿಷ್ ಬಿಟ್ಟು ಬೇರೆ ಮಾತಾಡ್ಬಾರ್ದು ಅನ್ನುವ ನಿಯಮಕ್ಕೆ ನನ್ನ ಒಪ್ಪಿಗೆ ಇಲ್ಲ. ಅದು ಹೇಳಿದವರ ಉದ್ದೇಶ ಒಳ್ಳೆಯದೇ ಇರ್ಬಹುದು, ಆದ್ರೆ ನಮ್ಮ ಗಡಿ ಊರಿನ ಕ್ಲಾಸ್‌ರೂಮ್ ಹೇಗುಂಟು ನೋಡಿ. ಕನ್ನಡ ಮೀಡಿಯಮ್ಮಿನಿಂದ ಬಂದ ಹುಡುಗ ಟ್ರೇಡ್ ಕ್ಲಾಸಲ್ಲಿ ಮಲಯಾಳ ಪೂರ್ತಿ ಹಿಡಿಯದೆ ಒಮ್ಮೆ ಬಾಯಿ ಮುಚ್ಚಿರ್ತಾನೆ, ನಿಮ್ಮ ಕ್ಲಾಸಲ್ಲಿ ಇಂಗ್ಲಿಷ್ ಬಾರದೆ ಇನ್ನೊಮ್ಮೆ ಬಾಯಿ ಮುಚ್ತಾನೆ, ಹಾಗಾದ್ರೆ ಅವನು ಬೆಳಗ್ಗಿನಿಂದ ಸಂಜೆ ತನಕ ಎಲ್ಲಿ ಬಾಯಿ ತೆರೀಬೇಕು? ಈ ಮಕ್ಕಳ ಮೌನವನ್ನು ಬುದ್ಧಿ ಕಡಿಮೆ ಅಂತ ಲೆಕ್ಕ ಹಾಕಿದ್ದನ್ನು ನಾನು ಎಷ್ಟೋ ಸ್ಟಾಫ್‌ರೂಮಲ್ಲಿ ಕೇಳಿದ್ದೇನೆ, ಅದು ಕೇಳುವಾಗ ಈಗಲೂ ಹೊಟ್ಟೆ ಉರೀತದೆ. ಸೂಚನೆ ಅರ್ಥ ಮಾಡಿಸ್ಲಿಕ್ಕೆ ಕನ್ನಡ ಬಳಸಿ, ಮಲಯಾಳ ಬಳಸಿ, ಅಭ್ಯಾಸ ಮಾತ್ರ ಇಂಗ್ಲಿಷಲ್ಲಿ ಮಾಡಿಸಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳ, ಉಪ್ಪಳ ಪೇಟೆಗೆ ಹೋದ್ರೆ ಬ್ಯಾರಿ, ಇಷ್ಟನ್ನು ಯಾರೂ ಕಲಿಸದೆ ಕಲಿತ ಮಕ್ಕಳು ಅವರು. ಇನ್ನೊಂದು ಭಾಷೆ ಕಲಿಯುವ ಶಕ್ತಿ ಅವರಿಗಿಲ್ಲ ಅಂತ ಹೇಳ್ಲಿಕ್ಕೆ ಯಾರಿಗೂ ಅಧಿಕಾರ ಇಲ್ಲ.

ಹೋಲಿಸಿ ಹೇಳಿದ್ರೆ ಕೆಲವು ವಿಷಯ ಕನ್ನಡದಲ್ಲೇ ಬೇಗ ಹೋಗ್ತದೆ ಸಹ. ಪ್ಯಾಸಿವ್ ವಾಯ್ಸ್ ತೆಗೊಳ್ಳಿ, ಮ್ಯಾನ್ಯುವಲ್‌ಗಳಲ್ಲಿ ತುಂಬಾ ಬರ್ತದೆ, ‘ದ ಕೇಬಲ್ ಈಸ್ ಲೇಡ್ ಇನ್ ಎ ಕಾಂಡ್ಯುಟ್’. ಪುಸ್ತಕದ ಕನ್ನಡದಲ್ಲಿ ಅದಕ್ಕೆ ‘ಹಾಕಲಾಗಿದೆ’ ಅಂತ ಉಂಟು, ಅದನ್ನು ಬಾಯಲ್ಲಿ ಯಾರೂ ಆಡುವುದಿಲ್ಲ, ‘ಕೇಬಲ್ ಹಾಕಿ ಆಯ್ತು’ ಅಂತೇವೆ, ಹಾಕಿದವ ಯಾರು ಅಂತ ಹೇಳುವುದೇ ಇಲ್ಲ. ಪ್ಯಾಸಿವ್ ಕೂಡ ಅಷ್ಟೆ ಅಂತ ಹೇಳಿ, ಮಾಡಿದವ ಮುಖ್ಯ ಅಲ್ಲ ಕೆಲಸ ಮುಖ್ಯ. ಓದಿ ಅರ್ಥ ಆದ್ರೆ ಸಾಕು, ಆ್ಯಕ್ಟಿವಿನಿಂದ ಪ್ಯಾಸಿವಿಗೆ ಹತ್ತು ವಾಕ್ಯ ಬದಲಾಯಿಸುವ ಕಸರತ್ತು ಪರೀಕ್ಷೆಗೆ ಬೇಕಾದಷ್ಟು ಮಾತ್ರ ಮಾಡಿಸಿ. ಉದ್ದ ವಾಕ್ಯ ಬರೆದವನೇ ಜಾಣ ಅನ್ನುವ ಕಲ್ಪನೆಯನ್ನೂ ತೆಗೀರಿ. ವಿಮಾನ ರಿಪೇರಿ ಮಾಡುವವರಿಗೆ 1980ರ ದಶಕದಲ್ಲಿ ಸಿಂಪ್ಲಿಫೈಡ್ ಇಂಗ್ಲಿಷ್ ಅಂತ ಒಂದು ಕ್ರಮ ಮಾಡಿದ್ರು, ಕೆಲಸದ ಸೂಚನೆ 20 ಶಬ್ದ ಮೀರಬಾರ್ದು, ಒಂದು ವಾಕ್ಯಕ್ಕೆ ಒಂದೇ ಸೂಚನೆ ಅನ್ನುವುದು ಅದರ ನಿಯಮ. ಅಷ್ಟು ದೊಡ್ಡ ವಿಮಾನಕ್ಕೆ ಅಷ್ಟು ಸಣ್ಣ ವಾಕ್ಯ ಸಾಕಾಗ್ತದೆ ಅಂತ ಮಕ್ಕಳಿಗೆ ಹೇಳಿ, ಅವರ ಮುಖ ನೋಡಿ.

ಪೋರ್ಶನ್, ಪದ್ಯ, ನೋಡ್ಲಿಕ್ಕೆ ಬರುವ ಕಾಲೇಜಿನವರು, ಇದೆಲ್ಲ ಉಂಟು, ಬಿಡ್ಲಿಕ್ಕೆ ಆಗುವುದಿಲ್ಲ. ಪೀರಿಯಡಿನ ಮೊದಲ ಹತ್ತು-ಹನ್ನೆರಡು ನಿಮಿಷ ವರ್ಕ್‌ಶಾಪಿನ ಇಂಗ್ಲಿಷಿಗೆ ಇಡಿ, ಬಾಕಿ ಪುಸ್ತಕಕ್ಕೆ. ಲೆಸನ್ ಪ್ಲಾನಲ್ಲಿ ಲರ್ನಿಂಗ್ ಔಟ್‌ಕಮ್ ಜಾಗದಲ್ಲಿ ‘ಮೋಟಾರಿನ ನೇಮ್‌ಪ್ಲೇಟ್ ಓದಿ ವಿವರಿಸುತ್ತಾರೆ’ ಅಂತ ಧೈರ್ಯದಲ್ಲಿ ಬರೀರಿ. ಪದ್ಯವನ್ನು ಕೈ ಬಿಡ್ಬೇಡಿ ಮಾತ್ರ, ಎಲೆಕ್ಟ್ರಿಶಿಯನ್ ಆಗುವವನಿಗೆ ಪದ್ಯ ಎಂಥಕ್ಕೆ ಅಂತ ಹೇಳುವ ಜನ ನಾನಲ್ಲ, ಅವನಿಗೂ ಪದ್ಯದ ಹಕ್ಕು ಉಂಟು. ಮೊದಲ ಹತ್ತು ನಿಮಿಷದಲ್ಲಿ ಅವನಿಗೆ ನಾಲಗೆ ಸಡಿಲ ಆಗಿದ್ರೆ ಪದ್ಯಕ್ಕೆ ತಲೆ ಎತ್ತಿ ಕೂರ್ತಾನೆ.

ಒಂದು ವಿಷಯ ಬಾಕಿ ಆಯ್ತು, ನನಗೆ ಇದು ಎಲ್ಲಕ್ಕಿಂತ ಮುಖ್ಯ. ನನ್ನ ಒಬ್ಬ ಹಳೇ ವಿದ್ಯಾರ್ಥಿ ಗಲ್ಫಿಗೆ ಹೋದ. ನಮ್ಮ ಜಿಲ್ಲೆಯಲ್ಲಿ ಇದು ಮನೆ ಮನೆ ಕತೆ. ಅಲ್ಲಿ ಸೂಪರ್‌ವೈಸರ್ ಒಂದು ದೇಶದವ, ಜೊತೆ ಕೆಲಸಗಾರರು ನಾಲ್ಕು ದೇಶದವರು, ಎಲ್ಲರಿಗೂ ನಡುವೆ ಇರುವುದು ಇಂಗ್ಲಿಷ್ ಒಂದೇ, ಅದೂ ಯಾರದ್ದೂ ಮನೆ ಭಾಷೆ ಅಲ್ಲ. ನಾವು ಅರ್ಥ್ ಅನ್ನುವುದನ್ನು ಅಮೇರಿಕನ್ ಡ್ರಾಯಿಂಗಲ್ಲಿ ಗ್ರೌಂಡ್ ಅಂತ ಬರೀತಾರೆ, ಸ್ಪ್ಯಾನರಿಗೆ ರೆಂಚ್ ಅಂತಾರೆ. ಸೂಪರ್‌ವೈಸರ್ ಹೇಳಿದ್ದು ಇವನಿಗೆ ಸರಿ ಕೇಳಿಸ್ಲಿಲ್ಲ, ಕೇಳ್ಲಿಕ್ಕೆ ನಾಚಿಕೆ, ‘ಎಸ್ ಸರ್’ ಅಂದ, ಹೋಗಿ ಬೇರೆ ಗೋಡೆಗೆ ಡ್ರಿಲ್ ಮಾಡಿದ, ಒಳಗೆ ಪೈಪಿತ್ತು. ಊರಿಗೆ ಬಂದಾಗ ನನ್ನ ಹತ್ರ ಹೇಳಿದ, ‘ಸರ್, ನೀವು ನಮಗೆ ಉತ್ತರ ಹೇಳ್ಲಿಕ್ಕೆ ಕಲಿಸಿದ್ರಿ, ತಿರುಗಿ ಕೇಳ್ಲಿಕ್ಕೆ ಕಲಿಸ್ಲಿಲ್ಲ’ ಅಂತ. ಆ ಮಾತು ನನಗೆ ಈಗಲೂ ಚುಚ್ತದೆ. ಹಾಗಾಗಿ ಟೀಚರೇ, ‘ಸಾರಿ, ಕುಡ್ ಯು ಸೇ ದ್ಯಾಟ್ ಅಗೇನ್?’, ‘ಡು ಯು ಮೀನ್ ದಿಸ್ ವಾಲ್?’, ‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್’, ಈ ಮೂರು ವಾಕ್ಯ ದಿನಾ ಹೇಳಿಸಿ. ನೀವೇ ಬೇಕಂತ ಅರ್ಧ ಸೂಚನೆ ಕೊಡಿ, ಬೇಗ ಬೇಗ ಹೇಳಿ, ಯಾವ ಹುಡುಗ ನಿಲ್ಲಿಸಿ ತಿರುಗಿ ಕೇಳ್ತಾನೋ ಅವನನ್ನು ಎಲ್ಲರ ಎದುರು ಹೊಗಳಿ.

ನಿಮ್ಮ ಇಂಗ್ಲಿಷ್ ಸಾಲದು ಅನ್ನುವ ಹೆದ್ರಿಕೆ ನೀವು ಬಾಯಿಬಿಟ್ಟು ಹೇಳದಿದ್ರೂ ನಿಮ್ಮ ಪ್ರಶ್ನೆಯ ಸಾಲುಗಳ ಮಧ್ಯೆ ಉಂಟು. ನೀವೂ ಕನ್ನಡ ಮೀಡಿಯಂ, ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರು, ಯಾವ ಮೆಟ್ಟಿಲಲ್ಲಿ ಕಾಲು ಜಾರ್ತದೆ ಅಂತ ನಿಮಗೆ ಗೊತ್ತುಂಟು. ಅದನ್ನು ಮಕ್ಕಳಿಂದ ಮುಚ್ಚಿಡ್ಬೇಡಿ.

ಸೋಮವಾರ ಹೀಗೆ ಮಾಡಿ. ಆ ಪ್ರಶ್ನೆ ಕೇಳಿದ ಹುಡುಗನನ್ನು ಕರೀರಿ, ಸ್ಟೇರ್‌ಕೇಸ್ ವೈರಿಂಗ್ (ಮೆಟ್ಟಿಲಿನ ಮೇಲಿಂದಲೂ ಕೆಳಗಿಂದಲೂ ಒಂದೇ ಬಲ್ಬು ಹಾಕಿ ಆರಿಸುವುದು) ನನಗೆ ಕಲಿಸ್ತೀಯಾ ಅಂತ ಕೇಳಿ, ಎರಡು ಟು-ವೇ ಸ್ವಿಚ್ಚು, ಒಂದು ಬಲ್ಬು, ಪ್ರಾಕ್ಟಿಕಲ್ ಬೋರ್ಡಲ್ಲಿ. ಅವನು ಹೇಳ್ಬೇಕು, ನೀವು ಮಾಡ್ಬೇಕು, ಅವನು ಇಂಗ್ಲಿಷಲ್ಲಿ ಹೇಳಿದ್ದನ್ನು ಮಾತ್ರ ನೀವು ಮಾಡುವುದು, ಅವನು ತಡವರಿಸಿದ್ರೆ ಕ್ಲಾಸಿನವರು ಶಬ್ದ ಕೊಡ್ಲಿ. ನಿಮಗೆ ಗೊತ್ತಾಗದಿದ್ರೆ ‘ಕುಡ್ ಯು ಸೇ ದ್ಯಾಟ್ ಅಗೇನ್?’ ಅಂತ ನೀವೇ ಮೊದಲು ಕೇಳಿ. ಸಪ್ಲೈ ಕೊಡುವುದು ಮಾತ್ರ ಇನ್‌ಸ್ಟ್ರಕ್ಟರ್ ಬಂದು ಚೆಕ್ ಮಾಡಿದ ಮೇಲೆ.